ಎಂಜಿನ್ನಿಗೆ ಗೊಟ್ಟ

ಎಂಜಿನ್ನು ಕೆಮ್ಮುತ್ತಿದೆ ಎಂದು ಹೇಳಿ ಕಳಿಸಿದ್ದರು. ಎಂಜಿನ್ನು ಕೆಮ್ಮುವುದಕ್ಕೆ ಹತ್ತಾರು ಕಾರಣಗಳಿರುತ್ತವೆ, ಹೇಳಿ ಕಳಿಸುವವರಿಗೆ ಅವು ಯಾವುವೂ ಬೇಕಾಗಿರುವುದಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಸುದ್ದಿ ತಂದವನು ಬೇವೂರಿನ ಆಚೆಯ ಹಳ್ಳಿಯಿಂದ ಕೊಪ್ಪಳದವರೆಗೆ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದ. ಅವನಿಗೆ ಮೊದಲು ನೀರು ಕೊಟ್ಟೆ.

"ಕೆಮ್ಮು ಅಂದ್ರ ಹೆಂಗ? ಹೊಗಿ ಬರತೈತೇನು? ಬಡದಂಗ ಸಪ್ಪಳ ಬರತೈತೇನು?"

"ಎಲ್ಲಾ ಬರತೈತ್ರಿ ಮಿಸ್ತ್ರಿ. ಬಾವ್ಯಾಗ ನೀರು ಏರಾಕತ್ತೈತಿ. ಅಕ್ಕ ಕೈಮುಗದು ಕರ್ಕೊಂಡು ಬಾ ಅಂದಾಳ" ಎಂದ.

ಆಗ ಯುದ್ಧದ ಕಾಲ. ನಾನು ಕೊಪ್ಪಳದ ಒಂದು ಹತ್ತಿ ಜಿನ್ನಿನಲ್ಲಿ ಫಿಟ್ಟರನಾಗಿದ್ದೆ. ಜಿನ್ನಿನ ಸಾಹುಕಾರರ ಹತ್ತಿರ ಒಂದು ಸಣ್ಣ ಎಂಜಿನ್ನು, ಅದಕ್ಕೆ ಜೋಡಿಸುವ ಪಂಪು ಇದ್ದವು. ಪೆಟ್ರೋಲಿನಲ್ಲಿ ಚಾಲೂ ಆಗಿ, ಕಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ ಜಾತಿ ಅದು. ಬಾವಿ ತೋಡಿಸುವವರು ಕೇಳಿದರೆ ಬಾಡಿಗೆಗೆ ಕೊಡುತ್ತಿದ್ದರು. ಆ ಹಳ್ಳಿಯ ಗೌಡಶಾನಿಯ ಬಾವಿಗೆ ಅದನ್ನು ಕೂಡಿಸಿ ಬಂದವನು ನಾನೇ. ನಡೆಸುವುದನ್ನು ಕಲಿಸಿದ್ದು ಈ ಸೈಕಲ್ಲಿನವನಿಗೇ, ಗೌಡಶಾನಿಯ ತಮ್ಮನಿಗೆ. ಎಂಜಿನ್ನಿನ ಪಕ್ಕದಲ್ಲಿರುವ ಗಾಜಿನ ಬಟ್ಟಲಿಗೆ ನಾನು ಕೊಟ್ಟ ಡಬ್ಬಿಯ ಎಣ್ಣೆ ಬಿಟ್ಟು ಬೇರೆ ಯಾವುದನ್ನೂ ಹಾಕಕೂಡದು ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿಸಿಕೊಂಡಿದ್ದೆ. ಎಂಜಿನ್ನಿನ ತಲೆಯ ಮೇಲೆ ಇನ್ನೊಂದು ಹಿತ್ತಾಳೆಯ ಬಟ್ಟಲಿತ್ತು, ಕೆಳಗೊಂದು ತಿರುಪು. ಚಾಲೂ ಮಾಡುವಾಗ ಅದರಲ್ಲಿ ಒಂದಿಷ್ಟು ಪೆಟ್ರೋಲು ಬಿಟ್ಟು ತಿರುಪು ತೆಗೆದರೆ ಅದು ನೇರ ಸಿಲಿಂಡರಿಗೆ ಇಳಿಯುತ್ತದೆ. "ಇದು ಅದರ ಬಾಯಿ" ಎಂದು ತಿಳಿಯಲಿ ಅಂತ ಹೇಳಿದ್ದೆ. ಅಕ್ಕ ತಮ್ಮ ಇಬ್ಬರೂ ತಲೆಯಾಡಿಸಿದ್ದರು.

ಆ ಊರಿನ ನೀರೆಲ್ಲ ಸವಳು. ಎಂಜಿನ್ನು ಕೂಡಿಸಿದ ದಿನ ಕೈ ತೊಳೆಯಲು ಹೋದರೆ ಸಾಬೂನು ನೊರೆ ಕೊಡದೆ ಒಡೆದ ಹಾಲಿನಂತೆ ಚೂರುಚೂರಾಗಿ ಕೈಗೆ ಮೆತ್ತಿಕೊಂಡಿತ್ತು. ಗ್ರೀಸಿನ ಕೈಯಲ್ಲೇ ರೊಟ್ಟಿ ತಿಂದು ಬಂದಿದ್ದೆ. ಕುಡಿಯುವ ನೀರಿಗೆ ಹೆಂಗಸರು ದೂರದ ಹಳ್ಳದ ಒರತೆಗೆ ಹೋಗಬೇಕಿತ್ತು. ಗೌಡರು ಇದ್ದಾಗ ತೋಡಿಸಿದ ಬಾವಿಯಲ್ಲೂ ಸವಳೇ ಬಂದು, ಊರವರು ಅದನ್ನು ಗೌಡರ ಉಪ್ಪಿನ ಬಾವಿ ಎಂದು ಕರೆದು ನಗುತ್ತಿದ್ದರಂತೆ. ಗೌಡರು ತೀರಿಕೊಂಡ ಮೇಲೆ ಗೌಡಶಾನಿ ಹೊಲದ ಇನ್ನೊಂದು ಮೂಲೆಯಲ್ಲಿ ತೋಡಿಸಿದರು. ಈ ಸಲ ತಳದ ಬಂಡೆಯಲ್ಲಿ ಸೀನೀರಿನ ಸೆಲೆ ಒಡೆಯಿತು.

ಸೆಲೆ ಸಿಕ್ಕಿದ್ದೇ ತೊಂದರೆಯೂ ಆಯಿತು. ಬಂಡೆಯ ಮೇಲೆ ಗಟ್ಟಿ ಗರಸು, ಅದರ ಮೇಲೆ ಸಡಿಲವಾದ ಮರಳುಮಣ್ಣಿನ ಒಂದು ಪದರ. ತಳದಿಂದ ಕಲ್ಲು ಕಟ್ಟುತ್ತ ಬಂದು ಆ ಪದರವನ್ನು ಮುಚ್ಚಿಬಿಟ್ಟರೆ ಬಾವಿ ಮೊಮ್ಮಕ್ಕಳ ಕಾಲದವರೆಗೆ ನಿಲ್ಲುತ್ತದೆ. ಮುಚ್ಚುವ ಮೊದಲೇ ನೀರು ಏರಿ ಪದರ ನೆನೆದರೆ ಮಣ್ಣು ಜಾರಿ, ಕಟ್ಟಿದ ಕಲ್ಲನ್ನೂ ಎಳೆದುಕೊಂಡು ಹೋಗಿ ಸೆಲೆಯ ಮೇಲೆ ಬೀಳುತ್ತದೆ. ಇನ್ನೊಂದು ಬಾವಿ ತೋಡಿಸುವ ಶಕ್ತಿ ಗೌಡಶಾನಿಗೆ ಉಳಿದಿರಲಿಲ್ಲ. ಆದ್ದರಿಂದ ಕಲ್ಲಿನ ಕೆಲಸ ಮುಗಿಯುವವರೆಗೆ ಪಂಪು ನೀರನ್ನು ಕೆಳಗೇ ಹಿಡಿದಿರಬೇಕಿತ್ತು.

ಮರುದಿನ ನಸುಕಿನಲ್ಲಿ ಜಿನ್ನಿನ ಲಾರಿ ಯಲಬುರ್ಗಿಗೆ ಹೊರಟಿತ್ತು. ಅದರಲ್ಲಿ ಕೂತು, ಅಲ್ಲಿಂದ ಸವಾರಿಗಾಡಿ ಹಿಡಿದು, ಬಿಸಿಲು ಏರುವ ಹೊತ್ತಿಗೆ ಬಾವಿಯ ಹತ್ತಿರ ಇಳಿದೆವು. ಎಂಜಿನ್ನು ಆ ದಿನ ಬೆಳಿಗ್ಗೆಯೇ ಪೂರ್ತಿ ನಿಂತುಬಿಟ್ಟಿತ್ತು. ಕಪಿಲೆಗೆ ಎರಡು ಜೋಡಿ ಎತ್ತು ಹೂಡಿದ್ದರು. ಅವು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಹೋದಂತೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಒಂದು ಜೋಡಿ ದಣಿದರೆ ಇನ್ನೊಂದು. ಆದರೂ ನೀರು ಅವುಗಳಿಗಿಂತ ಮುಂದಿತ್ತು. ಕಲ್ಲು ಕಟ್ಟುವವರು ನಿಲ್ಲಲು ಹಾಕಿಕೊಂಡಿದ್ದ ಅಟ್ಟ ಮುಳುಗಿ ಕೆಲಸ ನಿಂತಿತ್ತು.

ಅವರ ಮುಖ್ಯಸ್ಥ, ಬಿಳಿ ಮೀಸೆಯ ಗೌಂಡಿ, ಸಡಿಲ ಪದರಕ್ಕಿಂತ ಒಂದು ಗೇಣು ಕೆಳಗೆ ಕೆಮ್ಮಣ್ಣಿನಲ್ಲಿ ಒಂದು ಗೆರೆ ಎಳೆದಿದ್ದ. "ನೀರು ಈ ಗೆರಿ ಮುಟ್ಟಿದ್ರ ನನ್ನ ಮಂದೀನ ಮ್ಯಾಲ ಕರಕೋತೀನಿ. ಆಮ್ಯಾಲ ಯಾರು ಹೇಳಿದ್ರೂ ಇಳಿಯಂಗಿಲ್ಲ. ನೀವೂ ಮ್ಯಾಲ ಬರಬೇಕ್ರಿ ಮಿಸ್ತ್ರಿ" ಎಂದ. ಎಂಜಿನ್ನು ಕೂತಿದ್ದು ಬಾವಿಯೊಳಗೆ, ಆ ಪದರದ ಮೇಲುಗಡೆ ಕಡಿದ ಕಟ್ಟೆಯ ಮೇಲೆ. ಪದರ ಜಾರಿದರೆ ಕಟ್ಟೆಯೂ ಹೋಗುತ್ತದೆ ಎಂದು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಮೊದಲು ಕೇಳಿದ್ದು ಎಣ್ಣೆಯನ್ನೇ. "ಗಾಜಿನ ಬಟ್ಟಲಿಗೆ ಯಾವ ಎಣ್ಣಿ ಹಾಕಿದ್ರಿ?"

"ನೀವು ಕೊಟ್ಟದ್ದ" ಎಂದ ತಮ್ಮ, ಡಬ್ಬಿಯನ್ನೇ ತಂದು ತೋರಿಸಿದ.

"ಬ್ಯಾರೆ ಏನಾರ ಬೆರಸೀರೇನು? ಖರೆ ಹೇಳ್ರಿ."

"ನಮ್ಮವ್ವನ ಆಣಿ ಮಾಡ್ತೀನ್ರಿ. ಆ ಬಟ್ಟಲಕ್ಕ ನಿಮ್ಮ ಎಣ್ಣಿ ಬಿಟ್ರ ಒಂದು ಹನಿ ಬ್ಯಾರೆ ಇಲ್ಲ."

ಬಟ್ಟಲಿನ ಎಣ್ಣೆಯನ್ನು ಬೆರಳಿಗೆ ತಾಗಿಸಿ ಮೂಸಿದೆ. ನಮ್ಮದೇ ಎಣ್ಣೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಸೀಮೆಎಣ್ಣೆಯ ಮಸಿ ಇರಬೇಕು, ಯುದ್ಧಕಾಲದ ಸೀಮೆಎಣ್ಣೆ ಹೊಲಸು, ಮಸಿ ಬೇಗ ಕಟ್ಟುತ್ತದೆ ಎಂದುಕೊಂಡು ನಟ್ಟು ಬಿಚ್ಚುವ ಪಾನಾ ಹಿಡಿದೆ.

ಎಂಜಿನ್ನನ್ನು ತಂಪಿಡುವ ನೀರು ಬಸಿದು, ನಟ್ಟುಗಳನ್ನು ಒಂದಕ್ಕೊಂದು ಎದುರುಬದುರಾಗಿ ಸಡಿಲಿಸಿ ತಲೆಯನ್ನು ಎತ್ತಿದೆ. ಒಳಗೆ ಮಸಿ ದಪ್ಪಗೆ ಕೂತಿತ್ತು. ಹೊಗೆ ಹೊರಗೆ ಹೋಗುವ ದಾರಿ ಮುಕ್ಕಾಲು ಮುಚ್ಚಿತ್ತು. ಪಿಸ್ಟನ್ನನ್ನು ತುದಿಗೆ ತಂದು, ಸುತ್ತಲಿನ ಸಂದಿಗೆ ಗ್ರೀಸು ತುಂಬಿ, ಮಸಿಯ ಚೂರು ಒಳಗಿಳಿಯದ ಹಾಗೆ ಮಾಡಿಕೊಂಡು ತಾಮ್ರದ ಪಟ್ಟಿಯಿಂದ ಕೆರೆಯತೊಡಗಿದೆ. ಕಬ್ಬಿಣದಿಂದ ಕೆರೆದರೆ ಗೀರು ಬೀಳುತ್ತದೆ, ಬಿದ್ದ ಗೀರಿನಲ್ಲೇ ಮುಂದಿನ ಮಸಿ ಬೇರೂರುತ್ತದೆ. ಮೇಲಿನ ಪದರ ಒಣಗಿದ ಹೊಪ್ಪಳೆಯಂತೆ ಎದ್ದು ಬಂತು. ಅದರ ಕೆಳಗೆ ಕಂದು ಬಣ್ಣದ್ದು ಇನ್ನೊಂದಿತ್ತು, ಅರಗಿನಂತೆ ಹೊಳೆಯುತ್ತಿತ್ತು, ಪಟ್ಟಿಗೆ ಬಗ್ಗಲಿಲ್ಲ. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ನೋಡಿ ಯೋಚಿಸುವಷ್ಟು ಹೊತ್ತು ಇರಲಿಲ್ಲ. ಏರುಪೇರಾದದ್ದನ್ನು ಮಾತ್ರ ಚಪ್ಪಟೆ ಮಾಡಿ, ವಾಲ್ವುಗಳನ್ನು ಎಮರಿ ಪುಡಿಯಲ್ಲಿ ಅರೆದು ಕೂಡಿಸಿ, ತಲೆಯ ಕೆಳಗಿನ ತಾಮ್ರದ ಗ್ಯಾಸ್ಕೆಟ್ಟನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆದು ಮಾಡಿಕೊಂಡು, ತಲೆ ಮುಚ್ಚಿದೆ.

ಎಂಜಿನ್ನು ಮೊದಲ ತಿರುವಿಗೇ ಹಿಡಿಯಿತು. ಮೇಲೆ ನಿಂತಿದ್ದವರು ಕೂಗಿದರು. ಪಂಪು ನೀರೆತ್ತಿತು, ಗೌಂಡಿ ಕೂಡ ಮೀಸೆಯಲ್ಲಿ ನಕ್ಕ. ಸೀಮೆಎಣ್ಣೆಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಣಟಣ ಬಡಿತ ಶುರುವಾಯಿತು. ಕೆಳಗಿನ ಪೆಟ್ಟಿಗೆಯಿಂದ ಹೊಗೆ ಬಂತು. ವೇಗ ಇಳಿಯುತ್ತ ಇಳಿಯುತ್ತ ನಿಂತಿತು. ಚಕ್ರವನ್ನು ಕೈಯಿಂದ ತಿರುಗಿಸಿದರೆ ಬಿಗುವೇ ಇಲ್ಲ, ಖಾಲಿ ಗಡಿಗೆಯನ್ನು ತಿರುಗಿಸಿದಂತೆ ಸರಾಗ ತಿರುಗಿತು. ಒಳಗಿನ ಗ್ಯಾಸೆಲ್ಲ ಪಿಸ್ಟನ್ನಿನ ಪಕ್ಕದಿಂದ ಕೆಳಗೆ ಸೋರಿಹೋಗುತ್ತಿದೆ, ಪಿಸ್ಟನ್ನಿಗೆ ತೊಡಿಸಿದ ರಿಂಗುಗಳು ಹೋಗಿವೆ.

ಪಿಸ್ಟನ್ನು ಹೊರಗೆ ತೆಗೆದೆ. ರಿಂಗುಗಳು ಮುರಿದಿರಲಿಲ್ಲ. ಪಿಸ್ಟನ್ನಿನ ಸುತ್ತ ಕೊರೆದ ತೋಡುಗಳಲ್ಲಿ ಅದೇ ಕಂದು ಅರಗಿನೊಳಗೆ ಹೂತು ಅಂಟಿಕೊಂಡಿದ್ದವು. ರಿಂಗು ಸ್ಪ್ರಿಂಗಿನಂತೆ ಹೊರಗೆ ಒತ್ತಿಕೊಂಡಿದ್ದರೆ ಮಾತ್ರ ಬಿಗುವು. ಇವು ಒಂದು ಕೂದಲೆಳೆಯಷ್ಟೂ ಮಿಸುಕುತ್ತಿರಲಿಲ್ಲ. ಎರಕದ ರಿಂಗು, ಚಾಕು ಹಾಕಿ ಮೀಟಿದರೆ ಬಳೆಯ ಹಾಗೆ ಮುರಿಯುತ್ತದೆ. ಬೇರೆ ರಿಂಗು ಮುಂಬೈಯಿಂದ ಬರಬೇಕು, ಯುದ್ಧ ಶುರುವಾದಂದಿನಿಂದ ಅವು ಬರುವುದೇ ನಿಂತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಗುರಿನಿಂದ ಒತ್ತಿ ನೋಡಿದೆ. ಮಸಿಯಾಗಿದ್ದರೆ ಸೀಮೆಎಣ್ಣೆಗೆ ಮೆದುವಾಗಬೇಕು. ಇದು ಅದಕ್ಕೆ ಕ್ಯಾರೇ ಎನ್ನಲಿಲ್ಲ.

ಆ ಹೊತ್ತಿಗೇ ಮೇಲೆ ಗದ್ದಲವಾಯಿತು. ಕಪಿಲೆಯ ಎಡಗಡೆಯ ಬಿಳಿ ಎತ್ತು ಇಳಿಜಾರಿನಲ್ಲಿ ಮಂಡಿಯೂರಿ ಮಲಗಿಬಿಟ್ಟಿತ್ತು.

ಪಿಸ್ಟನ್ನನ್ನು ಚಿಂದಿಯಲ್ಲಿ ಸುತ್ತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಗೌಡಶಾನಿ ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಸುತ್ತಲಿನ ಊರುಗಳಲ್ಲಿ ಅವರ ಎತ್ತು ಎಂದರೆ ಹೆಸರು, ಯಾರ ಕೈಗೂ ಬಿಡದೆ ತಾವೇ ಸಾಕುವವರು. ಬಿದಿರಿನ ಗೊಟ್ಟವನ್ನು ತಮ್ಮ ತಂದುಕೊಟ್ಟ. ಒಂದು ಕಡೆ ಓರೆಯಾಗಿ ಕತ್ತರಿಸಿದ ಬಿದಿರಿನ ನಳಿಗೆ ಅದು. ಅದರಲ್ಲಿ ಎಣ್ಣೆ, ಬೆಲ್ಲ ತುಂಬಿ, ದುಡಿಯುವ ಎತ್ತಿನ ಬಾಯಿಯಲ್ಲಿಟ್ಟು ಗಂಟಲಿಗೆ ಹೊಯ್ಯುತ್ತಾರೆ. ಗೌಡಶಾನಿ ಎತ್ತಿನ ದವಡೆ ಬಿಡಿಸಿ ಗೊಟ್ಟ ಹಾಕಿದರು. ಎತ್ತು ನುಂಗಿತು. ಅವರ ಕಣ್ಣಲ್ಲಿ ನೀರಿತ್ತು. ನನ್ನನ್ನು ನೋಡಿ ಹೇಳಿದರು.

"ಯಾರಿಗೆ ಏನು ಕಡಿಮಿ ಮಾಡೀನ್ರಿ ಮಿಸ್ತ್ರಿ? ಇವಕ್ಕ ಹಾಕಿದಂಗ ನಿಮ್ಮ ಎಂಜಿನ್ನಿಗೂ ದಿನಾ ಮುಂಜಾನಿ ಹಾಕೀನಿ. ಅದ್ಯಾಕ ಹಿಂಗ ಕೈ ಬಿಡ್ತು?"

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನನಗೇ ಅನುಮಾನವಾಯಿತು. "ಏನು ಹಾಕೀರಿ?"

"ಗೊಟ್ಟ. ಕುಸುಬಿ ಎಣ್ಣೀದು. ಬೆಲ್ಲ ಹಾಕಿಲ್ರಿ, ನಾನೇನು ಹುಚ್ಚಿ ಅಲ್ಲ."

"ಎಲ್ಲಿಗೆ ಹಾಕಿದ್ರಿ?"

"ಬಾಯಾಗ. ನೀವ ಹೇಳಿದ್ರೆಲ್ಲ, ಹಿತ್ತಾಳಿ ಬಟ್ಟಲಾ ಅದರ ಬಾಯಿ ಅಂತ."

ತಮ್ಮನ ಕಡೆ ತಿರುಗಿದೆ. ನನಗೆ ತಲೆ ಬಿಸಿಯಾಗಿತ್ತು. "ಎಣ್ಣಿ ಬೆರಸೀರೇನು ಅಂತ ಆಣಿ ಮಾಡಿಸಿ ಕೇಳಿದೆ ನಾ!"

"ನೀವು ಗಾಜಿನ ಬಟ್ಟಲಾ ಕೇಳಿದ್ರಿ. ಇದು ಎಣ್ಣಿ ಹಾಕೂದು ಅಲ್ಲಲ್ರಿ, ಗೊಟ್ಟ ಹಾಕೂದು" ಎಂದ ಅವನು, ನಿಜವಾಗಿಯೂ ಗಾಬರಿಯಾಗಿ. "ಹಾಕಿದ ಮ್ಯಾಲ ಭಾಳ ಛಲೋ ಎಳೀತಿತ್ತರಿ. ಮುಂಜಾನಿ ಒಂದ ತಿರುವಿಗೆ ಹಿಡೀತಿತ್ತು."

ಅದೂ ಸುಳ್ಳಲ್ಲ, ಅದೇ ದೊಡ್ಡ ಅನಾಹುತ. ಸಿಲಿಂಡರಿಗೆ ಎಣ್ಣೆ ಹೊಯ್ದರೆ ಆ ಹೊತ್ತಿಗೆ ರಿಂಗಿನ ಸಂದಿಗಳು ತುಂಬಿ ಬಿಗುವು ಹೆಚ್ಚುತ್ತದೆ, ಎಂಜಿನ್ನು ಉಲ್ಲಾಸದಿಂದ ಓಡುತ್ತದೆ. ಅವರು ಹಾಕುತ್ತ ಹೋದರು, ಅದು ಓಡುತ್ತ ಹೋಯಿತು. ಒಳಗೆ ಕುಸುಬಿ ಎಣ್ಣೆ ದಿನದಿನವೂ ಬೆಂದು ಗಟ್ಟಿಯಾಯಿತು. ಬೈಯಬೇಕೆಂದು ಬಾಯಿ ತೆರೆದೆ. ಎತ್ತಿನ ತಲೆ ಇನ್ನೂ ಅವರ ತೊಡೆಯ ಮೇಲಿತ್ತು. ಬೈಯಲು ಆಗಲಿಲ್ಲ.

ಗೌಡಶಾನಿಯ ಕಣ್ಣು ಕಪಿಲೆಯ ತೊಗಲಿನ ಚೀಲದ ಮೇಲೆ ಹೋಯಿತು. ನೀರು ಸೋರಬಾರದೆಂದು ಅದಕ್ಕೆ ಕುದಿಸಿದ ಕುಸುಬಿ ಎಣ್ಣೆಯನ್ನೇ ಬಳಿಯುತ್ತಾರೆ. ಬಿಸಿಲಿಗೆ ಅದು ಒಣಗಿ ಅರಗಾಗುತ್ತದೆ. "ತೊಗಲಿಗೆ ಹಚ್ಚಿದ್ದು ಗಟ್ಟಿ ಆಗತೈತೆಲ್ಲ... ಇದರ ಹೊಟ್ಟಿಯೊಳಗೂ ಹಂಗ ಆತೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಹೌದ್ರಿ ಅವ್ವಾರ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಒಂದು ಲಾಭವಾಯಿತು. ಅಂಟಿದ್ದು ಏನೆಂದು ಗೊತ್ತಾಯಿತು. ಬರಿಯ ಮಸಿಯಾದರೆ ಕೆರೆಯಬೇಕು. ಎಣ್ಣೆ ಬೆಂದು ಕಟ್ಟಿದ್ದಾದರೆ ಅದನ್ನು ಸಾಬೂನು ಮಾಡಿ ತೆಗೆಯಬಹುದು. ಜಿನ್ನಿನಲ್ಲಿ ಹತ್ತಿಬೀಜದ ಎಣ್ಣೆ ಹಿಡಿದ ಸಾಮಾನುಗಳನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸುತ್ತಿದ್ದೆವು. ಪಿಸ್ಟನ್ನು ಎರಕದ ಕಬ್ಬಿಣದ್ದು, ಕ್ಷಾರಕ್ಕೆ ಅದು ಹೆದರುವುದಿಲ್ಲ. ಕಾಸ್ಟಿಕ್ಕು ಇಲ್ಲಿ ಎಲ್ಲಿಂದ ತರುವುದು? ಬಟ್ಟೆ ಒಗೆಯುವವರ ಮನೆಯಲ್ಲಿ ಸವಳುಮಣ್ಣು ಇರುತ್ತದೆ. ಗೌಂಡಿಯ ಗುಂಡಿಯಲ್ಲಿ ಅರಳಿದ ಸುಣ್ಣವಿದೆ. ಎರಡನ್ನೂ ಕೂಡಿಸಿ ಕುದಿಸಿ ಬಸಿದರೆ ಅದೇ ಕಾಸ್ಟಿಕ್ಕು. ತಮ್ಮನನ್ನು ಮಣ್ಣಿಗೆ ಓಡಿಸಿದೆ. ಮೂರು ಕಲ್ಲಿಟ್ಟು ಒಲೆ ಹೂಡಿ ಕಬ್ಬಿಣದ ಕಡಾಯಿ ಏರಿಸಿದೆವು.

ಮೊದಲು ಹಾಕಿದ ನೀರು ಕೆಟ್ಟಿತು. ಹತ್ತಿರದ ಕೊಡದಲ್ಲಿದ್ದದ್ದು ಊರಿನ ಸವಳು ನೀರು. ಸವಳುಮಣ್ಣು ಬಿದ್ದದ್ದೇ ಬೆಳ್ಳಗೆ ಒಡೆದು ಕಡಾಯಿಯ ತಳಕ್ಕೆ ಕೂತಿತು. ಬೆರಳಿಗೆ ತಾಗಿಸಿದರೆ ಜಾರುವ ಗುಣವೇ ಇಲ್ಲ. ಮಣ್ಣಿನ ಸತ್ವವೆಲ್ಲ ಆ ನೀರೇ ನುಂಗಿತ್ತು. ಒಂದು ಕುದಿಯ ಸೌದೆ, ಒಂದು ಕುದಿಯ ಹೊತ್ತು ಎರಡೂ ಹೋದವು. ಕಡಾಯಿ ಮಗುಚಿ, "ಬಾವಿಯ ನೀರು ಕೊಡ್ರಿ, ಸೋಸಿ ಕೊಡ್ರಿ" ಎಂದು ಕೂಗಿದೆ.

ಅಷ್ಟರಲ್ಲಿ ಗೌಂಡಿ ಮೇಲೆ ಬಂದ. "ಎತ್ತು ಬಿದ್ದ ಮ್ಯಾಲ ನೀರು ಭಾಳ ಜಲ್ದಿ ಏರಾಕತ್ತೈತ್ರಿ. ಗೆರಿಗೆ ಒಂದು ಮೊಳ ಐತಿ. ನಿಮ್ಮ ಅಡಗಿ ಆಗೂದ್ರಾಗ ಬಾವಿ ಉಳಿಯಂಗಿಲ್ಲ. ಆ ಸಾಮಾನಿಗೆ ಚಾಕು ಹಾಕಿ ಎಬ್ಬಿಸ್ರಿ ಅತ್ಲಾಗ!"

ಸುತ್ತ ನಿಂತವರೆಲ್ಲ ಅದನ್ನೇ ಹೇಳಿದರು. ಚಾಕು ನನ್ನ ಜೇಬಿನಲ್ಲೇ ಇತ್ತು. ಹಾಕಿದರೆ ಈಗಿಂದೀಗ ತೀರ್ಮಾನ, ಇಲ್ಲವೇ ಈಗಿಂದೀಗ ಸರ್ವನಾಶ. ಕುದಿಸಿದರೆ ರಿಂಗು ಉಳಿದೀತು, ಬಾವಿ ಉಳಿಯುವುದು ಖಾತ್ರಿಯಿಲ್ಲ. ಗೌಡಶಾನಿಯನ್ನೇ ಕೇಳಿದೆ. "ನಾ ಕುದಿಸಬೇಕಂತೀನಿ. ನೀರು ತಡಿಯೂದು ನಿಮ್ಮ ಕೈಯಾಗೈತಿ. ಆಗತೈತೇನ್ರಿ?"

ಅವರು ಬಾವಿಯತ್ತ ನೋಡಿದರು, ಬಿದ್ದ ಎತ್ತಿನತ್ತ ನೋಡಿದರು. ಆಮೇಲೆ ತಮ್ಮನಿಗೆ ಹೇಳಿದರು. "ಊರಾಗ ಸಾರಿ ಬಾ. ಕೊಡ, ಬಿಂದಿಗಿ, ಹರವಿ ಏನೈತಿ ಅದನ್ನ ತಗೊಂಡು ಬರ್ರಿ ಅನ್ನು. ಎಷ್ಟು ಬೇಕಾದ್ರೂ ಸೀನೀರು ಒಯ್ಯಬಹುದು ಅನ್ನು."

"ಅಕ್ಕಾ, ಇನ್ನಾ ಗಂಗವ್ವನ ಪೂಜಿ ಆಗಿಲ್ಲ. ಉಡಿ ತುಂಬಿಲ್ಲ." ಹೊಸ ಬಾವಿಗೆ ಪೂಜೆಯಾಗಿ ಉಡಿ ತುಂಬುವ ಮೊದಲು ಯಾರೂ ಅದರ ನೀರಿಗೆ ಕೊಡ ಇಳಿಸುವುದಿಲ್ಲ. ಆ ದಿನಕ್ಕೆಂದು ಗೌಡಶಾನಿ ಹಸಿರು ಸೀರೆ ತಂದಿಟ್ಟಿದ್ದರು.

"ಗಂಗವ್ವ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಹೋಗು."

ಅವನು ನಾಲ್ಕು ಹೆಜ್ಜೆ ಹೋಗಿ ನಿಂತ. "ಎಲ್ಲಾ ಓಣಿಗೂ ಹೇಳ್ಲೇನು?"

ಏನು ಕೇಳುತ್ತಿದ್ದಾನೆ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಊರಾಚೆಯ ಓಣಿಯವರು ಗೌಡರ ಬಾವಿಗಳ ಮೆಟ್ಟಿಲು ಇಳಿದದ್ದೇ ಇಲ್ಲ. ಗೌಡಶಾನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎಲ್ಲಾ ಓಣಿಗೂ" ಎಂದರು.

ಮಂದಿ ಬಂದ ರೀತಿಯನ್ನು ನಾನು ಮರೆತಿಲ್ಲ. ಕರೆಯಬೇಕಾಗಿರಲಿಲ್ಲ, ಬಾಗಿಲು ತೆರೆದಿದೆ ಎಂದಷ್ಟೇ ಹೇಳಬೇಕಾಗಿತ್ತು. ಹೆಂಗಸರು, ಗಂಡಸರು ತಾಮ್ರದ ಕೊಡ, ಮಣ್ಣಿನ ಹರವಿ, ದನಕ್ಕೆ ನೀರಿಡುವ ಬಾನಿ ಸಮೇತ ಮೆಟ್ಟಿಲುಗಳ ಮೇಲೆ ಸಾಲುಗಟ್ಟಿದರು. ತುಂಬಿದ್ದು ಕೈಯಿಂದ ಕೈಗೆ ಮೇಲೆ, ಬರಿದಾದದ್ದು ಕೈಯಿಂದ ಕೈಗೆ ಕೆಳಗೆ. ಮನೆಯ ಪಾತ್ರೆಗಳೆಲ್ಲ ತುಂಬಿದ ಮೇಲೂ ಒಯ್ದು ಹೊಲಕ್ಕೆ ಸುರಿದು ಮತ್ತೆ ಬರುತ್ತಿದ್ದರು. ಯಾರ ಕೊಡ ಯಾರ ಕೈಗೆ ಹೋಯಿತೆಂದು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ನೀರು ಇಳಿಯಲಿಲ್ಲ, ಆದರೆ ಏರುವುದು ನಿಧಾನವಾಯಿತು.

ನಾನು ಒಲೆಯ ಮುಂದೆ ಕೂತೆ. ಈ ಸಲ ಕ್ಷಾರದ ನೀರು ಬೆರಳಿಗೆ ಜಾರಿತು, ಚರ್ಮ ಚುರುಗುಟ್ಟಿತು. ಪಿಸ್ಟನ್ನಿಗೆ ತಂತಿ ಪೋಣಿಸಿ ಕುದಿಯಲ್ಲಿ ಇಳಿಬಿಟ್ಟೆ. ಆಮೇಲೆ ಮಾಡುವುದೇನೂ ಇರಲಿಲ್ಲ, ಅದೇ ಕಷ್ಟದ್ದು. ಸುಮ್ಮನೆ ಕೂತವನನ್ನು ನೋಡಿ ಗೌಂಡಿ ಹಲ್ಲು ಕಡಿಯುತ್ತಿದ್ದ. ನನ್ನ ಕೈ ಎರಡು ಸಲ ತಂತಿಯತ್ತ ಹೋಯಿತು, ಎರಡು ಸಲವೂ ಹಿಂದಕ್ಕೆ ತಂದುಕೊಂಡೆ. ಅರೆಬೆಂದದ್ದನ್ನು ತೆಗೆದರೆ ನನ್ನ ಕೈ ಅದನ್ನು ಮೀಟದೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ಕಡಾಯಿಯ ಅಂಚಿನಲ್ಲಿ ಕಂದು ನೊರೆ ಕಾಣಿಸಿತು. ಕುಸುಬಿ ಎಣ್ಣೆ ಸಾಬೂನಾಗುತ್ತಿತ್ತು. ಹೊತ್ತು ಪಡುವಣಕ್ಕೆ ವಾಲಿತ್ತು.

ತೆಗೆದು ಬಿಸಿನೀರಿನಲ್ಲಿ ಅದ್ದಿ, ಮೇಲಿನ ರಿಂಗನ್ನು ಹೆಬ್ಬೆರಳಿನಿಂದ ಒತ್ತಿದೆ. ಒಂದು ತುದಿ ಕೂದಲೆಳೆಯಷ್ಟು ಒಳಗೆ ಹೋಗಿ ಮತ್ತೆ ಹೊರಗೆ ಬಂತು. ತೆಳುವಾದ ಹಿತ್ತಾಳೆಯ ಪಟ್ಟಿಯನ್ನು ಸಂದಿಗೆ ತೂರಿಸಿ ಸುತ್ತಲೂ ನಡೆಸಿದೆ, ಉಸಿರು ಬಿಗಿಹಿಡಿದು. 'ಟಿಕ್' ಎಂಬ ಸಪ್ಪಳ ಬಂದಾಗ ಮುರಿಯಿತೆಂದೇ ಕಣ್ಣು ಮುಚ್ಚಿದೆ. ಬಿಟ್ಟುಕೊಂಡ ಸಪ್ಪಳ ಅದು. ಉಳಿದವೂ ಒಂದೊಂದಾಗಿ ಬಿಟ್ಟವು. ತೋಡುಗಳ ತಳದಲ್ಲಿ ಉಳಿದ ಅರಗನ್ನು ಕೆರೆಯಲು ತಾಮ್ರದ ಪಟ್ಟಿ ದಪ್ಪವಾಯಿತು, ಹಿತ್ತಾಳೆಯದು ಬಗ್ಗುತ್ತಿತ್ತು. ಬಿದಿರು ಸಿಕ್ಕರೆ ಸಾಕು ಎಂದೆ. ಗೌಡಶಾನಿ ಆ ಗೊಟ್ಟವನ್ನೇ ನನ್ನ ಮುಂದೆ ಇಟ್ಟರು.

"ಇದನ್ನ ಸೀಳ್ರಿ" ಎಂದರು.

ವರ್ಷಗಟ್ಟಲೆ ಎಣ್ಣೆ ಕುಡಿದ ಬಿದಿರು, ಗಟ್ಟಿಯಾಗಿತ್ತು. ಸೀಳಿ ಉಳಿ ಮಾಡಿಕೊಂಡು ತೋಡುಗಳನ್ನು ಕೆರೆದೆ. ತೊಳೆದು ಒಣಗಿಸಿ, ಮತ್ತೆ ಬಾವಿಯೊಳಗಿನ ಕಟ್ಟೆಗೆ ಇಳಿದು, ಎಂಜಿನ್ ಎಣ್ಣೆ ಸವರಿ, ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದ ಹಾಗೆ ತಿರುಗಿಸಿಟ್ಟು, ಡಬ್ಬಿಯ ತಗಡಿನಿಂದ ಬಿಗಿದು ಹಿಡಿದು ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸಿದೆ. ಕೆಳಗಿನ ಬೋಲ್ಟುಗಳನ್ನು ಬಿಗಿಯುತ್ತಿದ್ದಾಗ ಗೌಂಡಿಯ ಕೂಗು ಕೇಳಿತು.

"ಗೆರಿ ಮುಟ್ಟಿತು! ಎಲ್ಲಾರೂ ಮ್ಯಾಲ ಬರ್ರಿ! ಮಿಸ್ತ್ರಿ, ಬರ್ರಿ ಮ್ಯಾಲ!"

ಸಾಲು ಒಡೆಯಿತು, ಮಂದಿ ಮೆಟ್ಟಿಲು ಹತ್ತಿ ಓಡಿದರು. ನನ್ನ ಕೈಯಲ್ಲಿ ತಲೆಯ ನಟ್ಟುಗಳಿದ್ದವು. ಎದುರು ಗೋಡೆಯ ಸಡಿಲ ಪದರದಿಂದ ಒಂದು ಹೆಂಟೆ ಬಿಟ್ಟುಕೊಂಡು ದುಡುಮ್ಮನೆ ನೀರಿಗೆ ಬಿತ್ತು. ಹೋಗಬೇಕೆಂದು ಅನಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ನಟ್ಟು ಎದುರುಬದುರಾಗಿಯೇ ಬಿಗಿಯಬೇಕು, ಅವಸರದಲ್ಲಿ ಬಿಗಿದರೆ ಗ್ಯಾಸ್ಕೆಟ್ಟು ಸೋರುತ್ತದೆ. ಎದುರುಬದುರಾಗಿಯೇ ಬಿಗಿದೆ. ಕೆಳಗಿನ ಮೆಟ್ಟಿಲಿನಲ್ಲಿ ಇನ್ನೂ ಯಾರೋ ನೀರೆತ್ತುವ ಸಪ್ಪಳ ಬರುತ್ತಿತ್ತು. ನೋಡಿದರೆ ಗೌಡಶಾನಿ, ಒಬ್ಬರೇ, ಒಂದು ಕೊಡ ಹಿಡಿದುಕೊಂಡು. ಅವರ ಹಿಂದೆ ಊರಾಚೆಯ ಓಣಿಯ ಒಬ್ಬ ಹೆಣ್ಣುಮಗಳು ಕೊಡ ಈಸಿಕೊಳ್ಳಲು ನಿಂತಿದ್ದಳು.

ಹಿತ್ತಾಳೆಯ ಬಟ್ಟಲಿಗೆ ಪೆಟ್ರೋಲು ಬಿಟ್ಟು ಚಕ್ರ ತಿರುವಿದೆ. ಈ ಸಲ ಬಿಗುವಿತ್ತು, ಕೈಗೆ ಎದುರು ಒದೆಯಿತು. ಎರಡನೆಯ ತಿರುವಿಗೆ ಹಿಡಿಯಿತು. ಬೆಲ್ಟು ಏರಿಸಿದೆ, ಪಂಪು ಒಮ್ಮೆ ಬಿಕ್ಕಿ ನೀರೆಳೆಯಿತು. ಎಂಜಿನ್ನು ಬಿಸಿಯಾಗುವವರೆಗೂ ಕಾದು ಸೀಮೆಎಣ್ಣೆಗೆ ತಿರುಗಿಸಿದೆ. ಬಡಿತ ಬರುತ್ತದೇನೋ ಎಂದು ಕಿವಿಗೊಟ್ಟು ನಿಂತೆ. ಬರಲಿಲ್ಲ. ಕೆಮ್ಮಣ್ಣಿನ ಗೆರೆ ಒದ್ದೆಯಾಗಿ ನೀರಿನ ಮೇಲೆ ಕಾಣಿಸಿಕೊಂಡಿತು, ಆಮೇಲೆ ಅದರ ಕೆಳಗೆ ಬೆರಳಗಲ ಕಲ್ಲು, ಆಮೇಲೆ ಗೇಣು.

ಮುಳುಗಿದ್ದ ಅಟ್ಟ ನೀರಿನ ಮೇಲೆ ಕಂಡದ್ದೇ ಗೌಂಡಿ ಯಾರ ಮಾತಿಗೂ ಕಾಯದೆ ತನ್ನ ಮಂದಿಯನ್ನು ಇಳಿಸಿದ. ಮರುದಿನ ಬಿಸಿಲು ಏರುವ ಮೊದಲೇ ಕಲ್ಲು ಸಡಿಲ ಪದರವನ್ನು ದಾಟಿ ಮೇಲೆ ಬಂತು. ಬಿಳಿ ಎತ್ತು ಎದ್ದು ನಿಂತಿತ್ತು, ಒಂದು ಕಾಲು ಎಳೆಯುತ್ತಿತ್ತು. ಊರಿನ ಹಿರಿಯರಿಬ್ಬರು ಬಂದು, ನಿನ್ನೆಯದು ನಿನ್ನೆಗೆ ಆಯಿತು, ಇನ್ನು ಮೇಲೆ ಯಾವ ಓಣಿಯವರು ಇಳಿಯಬೇಕೆಂದು ಹೇಳಿಬಿಡಿ ಎಂದು ಗೌಡಶಾನಿಗೆ ಮೆಲ್ಲಗೆ ಸೂಚಿಸಿದರು.

"ನೀರು ಏರಿದಾಗ ಕರದವಳು ನಾ. ಇಳದ ಮ್ಯಾಲ ಬ್ಯಾಡ ಅನ್ನಾಕ ನನಗ ಬಾಯಿ ಇಲ್ರಿ" ಎಂದರು. ಹಿರಿಯರು ಸಿಟ್ಟಾಗಿಯೇ ಹೋದರು.

ಹೊರಡುವ ಮೊದಲು ಹಿತ್ತಾಳೆಯ ಬಟ್ಟಲಿಗೆ ತಮ್ಮನ ಎದುರೇ ತಂತಿ ಸುತ್ತಿದೆ. ಚಾಲೂ ಮಾಡುವಾಗ ಬಿಚ್ಚಬೇಕು, ಪೆಟ್ರೋಲು ಬಿಟ್ಟು ಮತ್ತೆ ಕಟ್ಟಬೇಕು. ಎಣ್ಣೆ, ಗೊಟ್ಟ, ಔಷಧ, ಪ್ರಸಾದ ಎಂದು ನೆನಪಾದದ್ದನ್ನೆಲ್ಲ ಹೆಸರು ಹಿಡಿದು ಬೇಡವೆಂದೆ. ಗೌಡಶಾನಿ ಮೊದಲ ಸಲ ನಕ್ಕರು.

ಗಾಡಿ ಹತ್ತಲು ಹೋದವನನ್ನು ಅವರು ನಿಲ್ಲಿಸಿದರು. "ಕೈ ತೊಳಕೊಂಡು ಹೋಗ್ರಿ."

ಕೈ ಮೊಣಕೈವರೆಗೆ ಕಪ್ಪಾಗಿತ್ತು, ಸುಣ್ಣದ ಕ್ಷಾರಕ್ಕೆ ಬಿರಿದಿತ್ತು. "ಇರ್ಲಿ ಬಿಡ್ರಿ ಅವ್ವಾರ, ಸವಳು ನೀರಾಗ ಇದು ಹೋಗಂಗಿಲ್ಲ" ಎಂದೆ. ಅವರು ಕಂಕುಳಲ್ಲಿದ್ದ ತಾಮ್ರದ ಕೊಡವನ್ನು ಬಗ್ಗಿಸಿದರು. ಆ ಊರಿನಲ್ಲಿ ಕುಡಿಯುವ ನೀರನ್ನು ಯಾರೂ ಕೈಕಾಲಿಗೆ ಹೊಯ್ಯುವುದಿಲ್ಲ, ಹನಿ ಚೆಲ್ಲಿದರೆ ಮಕ್ಕಳಿಗೆ ಏಟು ಬೀಳುತ್ತದೆ. ಅವರು ಹೊಯ್ಯುತ್ತಲೇ ಇದ್ದರು. ಸಾಬೂನಿನ ತುಂಡನ್ನು ತಮ್ಮ ಕೊಟ್ಟ. ಉಜ್ಜಿದೆ. ಮೊದಲು ಕಪ್ಪು ನೊರೆ ಬಂತು, ಆಮೇಲೆ ಬಿಳಿ ನೊರೆ, ಕೈ ತುಂಬ.

"ಅಕ್ಕಾ, ಸಾಕು, ಕೊಡ ಬರಿದಾತು" ಎಂದ ತಮ್ಮ.

"ಬಾವಿ ಐತಲ್ಲೋ" ಎಂದರು ಗೌಡಶಾನಿ.